ಎರಡನೇ ಗೆರೆ ಹೇಳಿದ್ದೇನು?

ಮದುವೆಯಾಗಿ ನಾಲ್ಕು ವರ್ಷ ಕಳೆದರೂ ಮಡಿಲು ತುಂಬದ ಹೆಣ್ಣಿನ ಮನೆಗೆ ನೆಂಟರು ಬಂದರೆ ಅವರ ಕಣ್ಣು ಮೊದಲು ಹೋಗುವುದು ಆಕೆಯ ಹೊಟ್ಟೆಯತ್ತ. ಸಲಾಂ ಹೇಳಿ ಕುಳಿತುಕೊಳ್ಳುವ ಮೊದಲೇ "ಏನಾದರೂ ವಿಶೇಷ ಉಂಟಾ?" ಎಂಬ ಪ್ರಶ್ನೆ. ಪ್ರಿಯ ಸಹೋದರಿಯರೇ, ನಿಮ್ಮಲ್ಲಿ ಕೆಲವರಿಗಾದರೂ ಈ ನೋಟದ, ಈ ಪ್ರಶ್ನೆಯ ಪರಿಚಯ ಇದ್ದೀತು. ಅವರಿಗಾಗಿ ಮತ್ತು ಅವರ ಅತ್ತೆ ನಾದಿನಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

2006ನೇ ಇಸವಿ. ದಮ್ಮಾಮಿನಲ್ಲಿ ಕೆಲಸಕ್ಕಿದ್ದ ನನ್ನವರು ಎರಡು ತಿಂಗಳ ರಜೆಯಲ್ಲಿ ಊರಿಗೆ ಬಂದಿದ್ದರು. ಗಲ್ಫಿನವರ ಹೆಂಡತಿಯರಿಗೆ ಗೊತ್ತು, ಆ ಎರಡು ತಿಂಗಳಲ್ಲಿ ಮದುವೆ ಮುಂಜಿ ಮುಗಿಸಬೇಕು, ಮನೆ ರಿಪೇರಿ ಮಾಡಿಸಬೇಕು, ಮಕ್ಕಳಿಲ್ಲದಿದ್ದರೆ ಚಿಕಿತ್ಸೆಯೂ ಅದರೊಳಗೇ ಆಗಬೇಕು. ನಾವು ಮಂಗಳೂರಿನ ಒಂದು ಆಸ್ಪತ್ರೆಗೆ ಓಡಾಡಿದೆವು. ಮಾತ್ರೆ, ದಿನ ಬಿಟ್ಟು ದಿನ ಸ್ಕ್ಯಾನಿಂಗ್, ಕೊನೆಗೆ ರಮಝಾನ್‌ಗೆ ನಾಲ್ಕು ದಿನ ಇರುವಾಗ ಒಂದು ಇಂಜೆಕ್ಷನ್. ಅಂಡ ಬಲಿತು ಬಿಡುಗಡೆಯಾಗಲು ಅದು ಬೇಕೆಂದು ಡಾಕ್ಟರ್ ಹೇಳಿದರು. ಮೂರನೇ ಉಪವಾಸದ ದಿನ ಇವರು ವಿಮಾನ ಹತ್ತಿದರು.

ನನಗೆ ತಾಳ್ಮೆ ಎಲ್ಲಿಯದು? ಮೆಡಿಕಲ್‌ನಿಂದ ಕಿಟ್ ತರಿಸಿ ಕಪಾಟಿನ ಸೀರೆಗಳ ಮಧ್ಯೆ ಅಡಗಿಸಿಟ್ಟಿದ್ದೆ. ಆರನೇ ಉಪವಾಸದ ಸಹರಿಗೆ ಎಲ್ಲರಿಗಿಂತ ಮೊದಲು ಎದ್ದು ಬಚ್ಚಲುಮನೆಯ ಮಂದ ಬೆಳಕಿನಲ್ಲಿ ಪರೀಕ್ಷೆ ಮಾಡಿದೆ. ಒಂದು ಗೆರೆ ಬಂತು. ಅದರ ಪಕ್ಕದಲ್ಲಿ ನಿಧಾನವಾಗಿ ಎರಡನೆಯದೂ ಮೂಡಿತು. ತೆಳುವಾಗಿತ್ತು, ಆದರೆ ಗುಲಾಬಿ ಬಣ್ಣ ಸ್ಪಷ್ಟವಾಗಿತ್ತು. ನಾನು ಅಲ್ಲೇ ಗೋಡೆಗೆ ಒರಗಿ ನಿಂತುಬಿಟ್ಟೆ.

ಅತ್ತೆಗೆ ಹೇಳದೆ ಇರಲಾಗಲಿಲ್ಲ. ಅವರು ನನ್ನ ತಲೆ ಸವರಿ, "ಅಲ್ಹಮ್ದುಲಿಲ್ಲಾಹ್. ಇವತ್ತಿನಿಂದ ನೀನು ಉಪವಾಸ ಹಿಡಿಯುವುದು ಬೇಡ ಮಗಳೇ" ಎಂದರು. ಸಂಜೆಯ ಇಫ್ತಾರ್‌ಗೆ ಪಾಯಸವಾಯಿತು. ರಾತ್ರಿ ದಮ್ಮಾಮಿಗೆ ಫೋನ್ ಹೋಯಿತು. ಇವರು ರೂಮಿನಲ್ಲಿದ್ದ ಎಂಟು ಜನರಿಗೂ ಬಿರಿಯಾನಿ ಕೊಡಿಸಿದರಂತೆ. ಮರುದಿನ ನಾದಿನಿಯ ಮನೆಗೆ, ಅಲ್ಲಿಂದ ಓಣಿಗೆ, ಓಣಿಯಿಂದ ನನ್ನ ತವರಿಗೆ ಸುದ್ದಿ ಮುಟ್ಟಿತು. ಉಮ್ಮ ಖರ್ಜೂರದ ಪೊಟ್ಟಣ ಹಿಡಿದುಕೊಂಡು ಬಂದರು.

ಹದಿಮೂರನೇ ಉಪವಾಸದ ದಿನ ಮಧ್ಯಾಹ್ನ ಮುಟ್ಟಾಯಿತು.

ಹೊಟ್ಟೆನೋವು ಹೆಚ್ಚೇನೂ ಇರಲಿಲ್ಲ. ನೋವು ಬೇರೆ ಕಡೆಯಿಂದ ಬಂತು. ನೋಡಲು ಬಂದ ಹಿರಿಯ ಹೆಂಗಸೊಬ್ಬರು, "ಬಾವಿಯಿಂದ ಕೊಡಪಾನ ಎತ್ತಿರಬೇಕು, ಇಳಿದು ಹೋಗಿದೆ" ಎಂದರು. ನಾನು ಕೊಡಪಾನ ಎತ್ತಿದ್ದು ನಿಜ, ನಾಲ್ಕು ವರ್ಷದಿಂದ ದಿನಾಲೂ ಎತ್ತುತ್ತಿದ್ದೆ. ನಾದಿನಿಯ ಮಾತು ಅದಕ್ಕಿಂತ ಹರಿತವಾಗಿತ್ತು. ಅಡುಗೆಮನೆಯಲ್ಲಿ ತಗ್ಗಿದ ಸ್ವರದಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಗಂಡ ಹೋದ ಮೂರೇ ದಿನಕ್ಕೆ ಸುದ್ದಿ ಹೇಳಿದಾಗಲೇ ನನಗೆ ಸಂಶಯ ಇತ್ತು. ಇದ್ದರಲ್ಲವಾ ಹೋಗುವುದು!"

ಅಂದರೆ ನನ್ನೆದುರು ಎರಡೇ ದಾರಿ. ಒಂದೋ ನಾನು ಮಗುವನ್ನು ಕಳೆದವಳು, ಇಲ್ಲವೇ ಸುಳ್ಳು ಹೇಳಿದವಳು. ಎರಡೂ ಅಲ್ಲದ ಮೂರನೆಯ ಉತ್ತರವೊಂದಿದೆಯೆಂದು ನನಗಾಗಲಿ ಆ ಮನೆಯಲ್ಲಿ ಇನ್ಯಾರಿಗಾಗಲಿ ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ಪೆರ್ನಾಲ್ ಕಳೆದು ಆಸ್ಪತ್ರೆಗೆ ಹೋದಾಗ. ಡಾಕ್ಟರಮ್ಮ ಫೈಲ್ ತಿರುವಿ, "ಯಾವ ದಿನ ಪರೀಕ್ಷೆ ಮಾಡಿದಿರಿ?" ಎಂದು ಕೇಳಿದರು. ಹೇಳಿದೆ. ಬೆರಳು ಮಡಚಿ ಎಣಿಸಿದರು. "ಇಂಜೆಕ್ಷನ್ ಆಗಿ ಒಂಬತ್ತನೇ ದಿನ. ಅಯ್ಯೋ ತಾಯಿ, ಆ ಕಿಟ್ ಹಿಡಿದದ್ದು ನಾನು ಕೊಟ್ಟ ಇಂಜೆಕ್ಷನ್ನನ್ನು!"

ನನಗೆ ಅರ್ಥವಾಗಲಿಲ್ಲ. ಅವರು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಆ ದಿನ ಕೇಳಿದ್ದು ಮತ್ತು ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ನಿಮಗೆ ಹೇಳುತ್ತೇನೆ.

ಆ ಪಟ್ಟಿಗೆ ಮಗು ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಒಂದು ವಸ್ತು, ಎಚ್‌ಸಿಜಿ ಎಂಬ ಹಾರ್ಮೋನ್. ಗರ್ಭ ಕಟ್ಟಿ, ಅದು ಗರ್ಭಕೋಶದ ಗೋಡೆಗೆ ಅಂಟಿಕೊಂಡಾಗ, ಮುಂದೆ ಮಾಸು ಆಗಿ ಬೆಳೆಯುವ ಕೋಶಗಳು ಈ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಶುರುವಿನ ವಾರಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಅದರ ಪ್ರಮಾಣ ದುಪ್ಪಟ್ಟಾಗುತ್ತದೆ. ರಕ್ತದಿಂದ ಮೂತ್ರಕ್ಕೆ ಬರುತ್ತದೆ. ಪಟ್ಟಿಯ ಮೇಲೆ ಈ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರತಿಕಾಯಗಳನ್ನು ಗೆರೆಯಾಗಿ ಹಚ್ಚಿರುತ್ತಾರೆ. ಮೂತ್ರದ ಜೊತೆ ಹರಿದು ಬರುವ ಬಣ್ಣದ ಕಣಗಳು ಹಾರ್ಮೋನ್ ಇದ್ದರೆ ಅಲ್ಲಿ ಸಿಕ್ಕಿಕೊಳ್ಳುತ್ತವೆ, ಗೆರೆ ಮೂಡುತ್ತದೆ. 'ಸಿ' ಎಂಬಲ್ಲಿ ಬರುವ ಇನ್ನೊಂದು ಗೆರೆ ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂಬುದಕ್ಕೆ ಸಾಕ್ಷಿ, ಅಷ್ಟೇ. ಅದು ಬಾರದಿದ್ದರೆ ಆ ಕಿಟ್ಟನ್ನೇ ಬಿಸಾಡಬೇಕು.

ಇನ್ನು ನನಗೆ ಕೊಟ್ಟ ಇಂಜೆಕ್ಷನ್ ಯಾವುದು? ಅದೇ ಎಚ್‌ಸಿಜಿ! 5,000 ಅಥವಾ 10,000 ಯೂನಿಟ್ ಕೊಡುತ್ತಾರೆ. ಇಂತಹ ಎಷ್ಟೋ ಇಂಜೆಕ್ಷನ್‌ಗಳಲ್ಲಿರುವುದು ಗರ್ಭಿಣಿಯರ ಮೂತ್ರದಿಂದಲೇ ಶುದ್ಧೀಕರಿಸಿ ತೆಗೆದ ಹಾರ್ಮೋನ್ ಎಂದು ಆಮೇಲೆ ಓದಿದಾಗ ನಾನು ಬೆರಗಾದೆ. ಇನ್ನು ಪಾಪದ ಪಟ್ಟಿ ಹೇಗೆ ವ್ಯತ್ಯಾಸ ತಿಳಿಯಬೇಕು? ಈ ಮದ್ದು ಮೈಯಿಂದ ಪೂರ್ತಿ ಇಳಿಯಲು ಹತ್ತು ದಿನ, ಕೆಲವರಿಗೆ ಹದಿನಾಲ್ಕು ದಿನ ಬೇಕು. ಅಷ್ಟರೊಳಗೆ ಪರೀಕ್ಷೆ ಮಾಡಿದರೆ ಗೆರೆ ಬಂದರೂ ಅದಕ್ಕೆ ಅರ್ಥವಿಲ್ಲ.

"ಇದನ್ನು ನೀವು ಮೊದಲೇ ಹೇಳಲಿಲ್ಲವಲ್ಲ ಡಾಕ್ಟರ್" ಎಂದೆ. ಚೀಟಿ ತೆಗೆದು ತೋರಿಸಿದರು. ಕೆಳಗೆ, ಮೂಲೆಯಲ್ಲಿ, ಇಂಗ್ಲಿಷಿನಲ್ಲಿ ಬರೆದಿತ್ತು. ಆ ಕೈಬರಹವನ್ನು ಇವತ್ತಿಗೂ ನನ್ನಿಂದ ಓದಲಾಗದು. ನನಗೆ ಅವರ ಮೇಲೆ ಈಗ ಸಿಟ್ಟಿಲ್ಲ, ಆದರೆ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಒಂದು ಹೆಣ್ಣಿಗೆ ಸುಳ್ಳಿ ಎಂಬ ಹೆಸರು ಬರುವುದು ತಪ್ಪುತ್ತಿತ್ತು.

ಅತ್ತೆ ಅಂದು ನನ್ನೊಟ್ಟಿಗೆ ಬಂದಿದ್ದರು, ಎಲ್ಲವನ್ನೂ ಕೇಳಿಸಿಕೊಂಡರು. ಬಸ್ಸಿನಲ್ಲಿ ಏನೂ ಮಾತಾಡಲಿಲ್ಲ. ಮನೆಗೆ ಬಂದವರೇ ಮಗಳಿಗೆ ಫೋನ್ ಮಾಡಿ, "ನೀನು ಅವಳ ಹತ್ತಿರ ಪೊರುತ್ತ ಕೇಳಬೇಕು" ಎಂದರು. ಬಿಟ್ಟುಹೋದ ಏಳು ಉಪವಾಸಗಳನ್ನು ನಾನು ಖಝಾ ಮಾಡುವಾಗ ಅವರೂ ನನ್ನೊಟ್ಟಿಗೆ ಏಳು ಸುನ್ನತ್ ಉಪವಾಸ ಹಿಡಿದರು. "ಬಿಡಲು ಹೇಳಿದವಳು ನಾನೇ ಅಲ್ಲವಾ" ಎಂದಷ್ಟೇ ಕಾರಣ ಕೊಟ್ಟರು. ಗರ್ಭಿಣಿಗೆ ಉಪವಾಸ ಬಿಡಲು ಅವಕಾಶವಿರುವುದು ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದಾಗ ಎಂಬುದನ್ನು ನಾವಿಬ್ಬರೂ ಆಗ ಕೇಳಿ ತಿಳಿದುಕೊಂಡೆವು.

ನನ್ನದು ಇಂಜೆಕ್ಷನ್ನಿನ ಕಥೆಯಾಯಿತು. ಆದರೆ ಎರಡನೇ ಗೆರೆ ದಾರಿ ತಪ್ಪಿಸಲು ಬೇರೆ ಕಾರಣಗಳೂ ಇವೆ. ನನ್ನ ಕಥೆ ಹೇಳಿಕೊಂಡ ಮೇಲೆ ಒಬ್ಬೊಬ್ಬರಾಗಿ ತಮ್ಮ ಕಥೆಯನ್ನೂ ತಂದರು.

ಎಲ್ಲಕ್ಕಿಂತ ಸಾಮಾನ್ಯವಾದದ್ದು, ಮಗು ನಿಜವಾಗಿಯೂ ಇದ್ದು ಬಹಳ ಬೇಗ ಹೋಗುವುದು. ಗರ್ಭ ಅಂಟಿಕೊಳ್ಳುತ್ತದೆ, ಹಾರ್ಮೋನ್ ಬರುತ್ತದೆ, ಕಿಟ್ ಗೆರೆ ತೋರಿಸುತ್ತದೆ. ಕೆಲವೇ ದಿನಗಳಲ್ಲಿ ಅದು ಬೆಳೆಯದೆ ಮುಟ್ಟಿನೊಂದಿಗೆ ಹೊರಟುಹೋಗುತ್ತದೆ. ಇದಕ್ಕೆ ಡಾಕ್ಟರುಗಳು ಕೆಮಿಕಲ್ ಪ್ರೆಗ್ನೆನ್ಸಿ ಎನ್ನುತ್ತಾರೆ, ನನಗೆ ಆ ಹೆಸರು ಹಿಡಿಸುವುದಿಲ್ಲ. 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಗು ಬಯಸುತ್ತಿದ್ದ 221 ಹೆಂಗಸರ ಮೂತ್ರವನ್ನು ದಿನವೂ ಪರೀಕ್ಷಿಸಿದರು. ನಿಂತ ಗರ್ಭಗಳಲ್ಲಿ ನೂರಕ್ಕೆ 22 ಗರ್ಭಗಳು, ಗರ್ಭ ನಿಂತಿದೆಯೆಂದು ಬೇರೆ ಯಾವ ರೀತಿಯಲ್ಲೂ ತಿಳಿಯುವ ಮೊದಲೇ ಹೋಗಿದ್ದವು. ನೂರಕ್ಕೆ 22! ನಮ್ಮ ಅಜ್ಜಿಯರ ಕಾಲದಲ್ಲಿ ಇದನ್ನು "ಈ ಸಲ ನಾಲ್ಕು ದಿನ ತಡವಾಯಿತು" ಎಂದು ಹೇಳಿ ಮರೆಯುತ್ತಿದ್ದರು. ಕಿಟ್ ಬಂದ ಮೇಲೆ ಅದಕ್ಕೊಂದು ಹೆಸರು ಬಂತು, ದುಃಖವೂ ಬಂತು. ಇವುಗಳಲ್ಲಿ ಹೆಚ್ಚಿನವು ಭ್ರೂಣದ ವರ್ಣತಂತುಗಳಲ್ಲಿನ ದೋಷದಿಂದ ಆಗುವಂಥವು. ಕೊಡಪಾನಕ್ಕೂ ಇದಕ್ಕೂ ಸಂಬಂಧವಿಲ್ಲ, ಮೆಟ್ಟಿಲು ಹತ್ತಿದ್ದಕ್ಕೂ ಇಲ್ಲ, ಪಪ್ಪಾಯಿಯ ಒಂದು ಹೋಳಿಗೂ ಇಲ್ಲ.

ಎರಡನೆಯದು ನನ್ನ ಚಿಕ್ಕಮ್ಮನ ಮಗಳದ್ದು. ಬೆಳಿಗ್ಗೆ ನೋಡಿದಾಗ ಒಂದೇ ಗೆರೆ. ಬೇಸರದಿಂದ ಕಿಟಕಿಯ ಮೇಲೆ ಎಸೆದಿದ್ದಳು. ಸಂಜೆ ಗುಡಿಸುವಾಗ ನೋಡಿದರೆ ಎರಡು! ಮೂತ್ರ ಒಣಗಿದ ಮೇಲೆ ಪಟ್ಟಿಯ ಮೇಲೆ ಬೂದು ಬಣ್ಣದ ಒಂದು ಗುರುತು ಉಳಿಯುವುದುಂಟು. ಅದು ಗೆರೆಯಲ್ಲ, ಕಲೆ. ಕವರಿನ ಮೇಲೆ ಐದು ನಿಮಿಷ ಎಂದು ಬರೆದಿದ್ದರೆ ಐದೇ ನಿಮಿಷಕ್ಕೆ ನೋಡಬೇಕು, ಆಮೇಲೆ ಅದನ್ನು ಕಸದ ಬುಟ್ಟಿಗೆ ಹಾಕಿ ಮರೆಯಬೇಕು. ಅವಧಿ ಮುಗಿದ ಕಿಟ್ಟನ್ನೂ, ಬಚ್ಚಲಿನ ತೇವದಲ್ಲಿ ತಿಂಗಳುಗಟ್ಟಲೆ ಇಟ್ಟ ಕಿಟ್ಟನ್ನೂ ನಂಬಬಾರದು. ಸಕ್ಕರೆ ಹಾಕಿ ನೋಡುವುದು, ಟೂತ್‌ಪೇಸ್ಟ್ ನೊರೆ ಬರುತ್ತದೋ ನೋಡುವುದು, ಇವೆಲ್ಲ ಮಕ್ಕಳ ಆಟ. ಆಶಾ ಕಾರ್ಯಕರ್ತೆಯರ ಬಳಿ 'ನಿಶ್ಚಯ್' ಎಂಬ ಕಿಟ್ ಉಚಿತವಾಗಿ ಸಿಗುತ್ತದೆ, ಸಕ್ಕರೆಯನ್ನು ಚಹಾಕ್ಕೆ ಇಟ್ಟುಕೊಳ್ಳಿ.

ಗರ್ಭ ಹೋದ ಮೇಲೆ ಅಥವಾ ಹೆರಿಗೆಯಾದ ಮೇಲೆ ಹಾರ್ಮೋನ್ ಒಮ್ಮೆಲೇ ಇಳಿಯುವುದಿಲ್ಲ. ಕೆಲವು ವಾರ ಬೇಕು. ನೆರೆಮನೆಯ ಹುಡುಗಿಯೊಬ್ಬಳಿಗೆ ಎರಡೂವರೆ ತಿಂಗಳಿಗೆ ಗರ್ಭ ಹೋಗಿ ಡಿ ಆ್ಯಂಡ್ ಸಿ ಆಗಿತ್ತು. ಮೂರು ವಾರದ ಮೇಲೆ ವಾಂತಿ ಬಂತೆಂದು ಕಿಟ್ ಹಾಕಿದರೆ ಎರಡು ಗೆರೆ. ಅಷ್ಟರಲ್ಲಿ ಗಂಡ ದುಬೈಗೆ ಹೋಗಿ ಆಗಿತ್ತು. ಮುಂದೆ ಏನೇನು ಮಾತು ಹುಟ್ಟಿತೆಂದು ನಾನು ಬರೆಯುವುದಿಲ್ಲ, ನೀವೇ ಊಹಿಸಬಲ್ಲಿರಿ. ಪರಿಶುದ್ಧ ಹೆಣ್ಣಿನ ಮೇಲೆ ಆರೋಪ ಹೊರಿಸುವುದು ಎಷ್ಟು ದೊಡ್ಡ ಪಾಪವೆಂದು ಸೂರಃ ಅನ್ನೂರ್ ಓದಿದವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಆ ಆರೋಪಕ್ಕೆ ಆಧಾರ ಒಂದು ಪ್ಲಾಸ್ಟಿಕ್ ಪಟ್ಟಿ. ಅದು ತೋರಿಸಿದ್ದು ಹೋದ ಮಗುವಿನದೇ ಉಳಿದ ಹಾರ್ಮೋನನ್ನು.

ಅಪರೂಪಕ್ಕೆ ಗರ್ಭವಿಲ್ಲದೆಯೂ ಮೈ ಈ ಹಾರ್ಮೋನನ್ನು ತಯಾರಿಸುವುದುಂಟು. ಮುಟ್ಟು ನಿಲ್ಲುವ ಪ್ರಾಯದಲ್ಲಿ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಸ್ವಲ್ಪ ಬಿಡುತ್ತದೆ. ಮೂತ್ರಪಿಂಡ ಕೆಟ್ಟವರಲ್ಲಿ, ಅಂಡಾಶಯದ ಕೆಲವು ಗಡ್ಡೆಗಳಲ್ಲಿ ಕಾಣಬಹುದು. ಇನ್ನು ಗರ್ಭಕೋಶದೊಳಗೆ ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂತೆ ಗುಳ್ಳೆಗಳು ಬೆಳೆಯುವ ಕಾಯಿಲೆಯಲ್ಲಿ ಗೆರೆ ಗಾಢವಾಗಿಯೇ ಬರುತ್ತದೆ. ಇದನ್ನು ಬಿಟ್ಟರೆ ಅಪಾಯ, ಚಿಕಿತ್ಸೆ ಬೇಕೇ ಬೇಕು. ನೋವಿನ ಮಾತ್ರೆ, ಆ್ಯಂಟಿಬಯಾಟಿಕ್, ಗರ್ಭನಿರೋಧಕ ಮಾತ್ರೆ ಇವುಗಳಿಂದ ಗೆರೆ ಬರುವುದಿಲ್ಲ, ಆ ಭಯ ಬೇಡ.

ರಕ್ತಪರೀಕ್ಷೆಯೂ ತಪ್ಪಬಹುದೇ? ತಪ್ಪಬಹುದು, ಬಹಳ ವಿರಳವಾಗಿ. ಕೆಲವರ ರಕ್ತದಲ್ಲಿರುವ ಬೇರೆ ಪ್ರತಿಕಾಯಗಳು ಲ್ಯಾಬಿನ ಪರೀಕ್ಷೆಯನ್ನೇ ಮೋಸಗೊಳಿಸಿ, ಇಲ್ಲದ ಹಾರ್ಮೋನನ್ನು ಇದೆಯೆಂದು ತೋರಿಸುತ್ತವೆ. 2000ದಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹೀಗೆ ಮೋಸಹೋದ 12 ಹೆಂಗಸರ ವಿವರ ಬಂತು. ಗರ್ಭವಿಲ್ಲ, ಆದರೂ ಹಾರ್ಮೋನ್ ಇದೆ, ಹಾಗಾದರೆ ಕ್ಯಾನ್ಸರ್ ಇರಬೇಕು ಎಂದು ತಿಳಿದು ಅವರಲ್ಲಿ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯನ್ನೋ ಕೀಮೋವನ್ನೋ ಕೊಟ್ಟಿದ್ದರು. ವಿಚಿತ್ರವೆಂದರೆ ಇಂತಹ ಸಂದರ್ಭದಲ್ಲಿ ಸತ್ಯ ಹೇಳುವುದು ಮೂತ್ರ ಪರೀಕ್ಷೆಯೇ. ಆ ಪ್ರತಿಕಾಯಗಳು ದೊಡ್ಡ ಗಾತ್ರದವು, ಮೂತ್ರಕ್ಕೆ ಇಳಿಯಲಾರವು. ರಕ್ತದಲ್ಲಿ ಇದೆ, ಮೂತ್ರದಲ್ಲಿ ಇಲ್ಲ ಎಂದಾದರೆ ಡಾಕ್ಟರಿಗೆ ಸಂಶಯ ಬರಬೇಕು.

ಇಷ್ಟೆಲ್ಲ ಓದಿ "ಹಾಗಾದರೆ ಕಿಟ್ ಸುಳ್ಳು" ಎಂದುಕೊಂಡಿರೋ, ಅಲ್ಲೇ ದೊಡ್ಡ ಅಪಾಯವಿದೆ. ಕಿಟ್ ತಪ್ಪುವುದಕ್ಕಿಂತ ಸರಿಯಾಗುವುದೇ ಬಹಳ ಹೆಚ್ಚು. ನನ್ನ ಶಾಲಾ ಗೆಳತಿಯೊಬ್ಬಳ ತಂಗಿಗೆ ಎರಡು ಗೆರೆ ಬಂದು, ವಾರದೊಳಗೆ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿತು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿ. ಇನ್ನೊಂದು ರಕ್ತಪರೀಕ್ಷೆಗೆ ಎರಡು ದಿನ ಬಿಟ್ಟು ಬನ್ನಿ ಎಂದು ಡಾಕ್ಟರ್ ಹೇಳಿದ್ದರು. ಗೆಳತಿ, ಪಾಪ, ನನ್ನ ಕಥೆ ಕೇಳಿದ್ದವಳು, "ಕಿಟ್ ತಪ್ಪು ತೋರಿಸಿರಬೇಕು, ಮುಟ್ಟಾಗಿದ್ದಾಳೆ" ಎಂದು ತಂಗಿಯನ್ನು ಮನೆಯಲ್ಲೇ ಉಳಿಸಿದಳು. ನಾಲ್ಕನೇ ದಿನ ಹುಡುಗಿ ವುಝೂ ಮಾಡುವಾಗ ತಲೆ ಸುತ್ತಿ ಬಿದ್ದಳು. ಗರ್ಭ ನಾಳದಲ್ಲಿ ಕಟ್ಟಿತ್ತು, ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಅಲ್ಲಾಹನ ಕೃಪೆ, ಆಪರೇಷನ್ ಆಗಿ ಬದುಕಿದಳು. ಅಂದಿನಿಂದ ನಾನು ನನ್ನ ಕಥೆ ಹೇಳುವಾಗಲೆಲ್ಲ ಈ ಕಥೆಯನ್ನೂ ಸೇರಿಸಿಯೇ ಹೇಳುತ್ತೇನೆ. ಗೆರೆ ಬಂದ ಮೇಲೆ ಕೆಳಹೊಟ್ಟೆಯ ಒಂದು ಬದಿ ನೋವು, ಹೆಗಲ ತುದಿಯಲ್ಲಿ ನೋವು, ತಲೆಸುತ್ತು, ರಕ್ತಸ್ರಾವ ಇವುಗಳಲ್ಲಿ ಯಾವುದಾದರೂ ಇದ್ದರೆ ಅದೇ ಗಳಿಗೆ ಆಸ್ಪತ್ರೆ. ಗೆರೆ ತಪ್ಪೋ ಸರಿಯೋ ಎಂದು ತೀರ್ಮಾನಿಸುವ ಕೆಲಸ ಅಡುಗೆಮನೆಯದ್ದಲ್ಲ.

ತೀರ್ಮಾನ ಹೇಗೆ ಮಾಡುತ್ತಾರೆ? ಬೀಟಾ ಎಚ್‌ಸಿಜಿ ಎಂಬ ರಕ್ತಪರೀಕ್ಷೆಯನ್ನು 48 ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡುತ್ತಾರೆ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ. ನನ್ನಂತಹ ಇಂಜೆಕ್ಷನ್ ಕಥೆಯಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ಆರೋಗ್ಯವಾಗಿರುವ ಗರ್ಭದಲ್ಲಿ ಚೆನ್ನಾಗಿ ಏರುತ್ತದೆ. ನಾಳದ ಗರ್ಭದಲ್ಲಿ ಹೆಚ್ಚಾಗಿ ಎರಡೂ ಅಲ್ಲದಂತೆ ಎಳೆದಾಡುತ್ತದೆ. ಅದಕ್ಕೇ ಎರಡನೇ ಸಲ ಬನ್ನಿ ಎಂದರೆ ಹೋಗಲೇಬೇಕು, ದುಡ್ಡು ಕೀಳಲು ಕರೆಯುತ್ತಾರೆಂದು ತಿಳಿಯಬಾರದು.

ನಮ್ಮ ದೀನಿನ ಕೆಲವು ವಿಷಯಗಳೂ ಈ ಗೆರೆಯೊಂದಿಗೆ ತಳಕು ಹಾಕಿಕೊಂಡಿವೆ. ಗರ್ಭವಿದೆಯೆಂದು ತಿಳಿದ ಹೆಣ್ಣಿಗೆ ರಕ್ತ ಕಂಡರೆ ನಮಾಝ್ ಮಾಡಬೇಕೋ ಬಿಡಬೇಕೋ? ಹನಫೀ ಮಝ್‌ಹಬಿನಲ್ಲಿ ಗರ್ಭಿಣಿಗೆ ಮುಟ್ಟು ಎಂಬುದಿಲ್ಲ, ಆ ರಕ್ತವಿದ್ದರೂ ನಮಾಝ್ ಮಾಡಬೇಕು. ಶಾಫಿಈ ಮಝ್‌ಹಬಿನ ಪ್ರಬಲ ಅಭಿಪ್ರಾಯದಂತೆ ಗರ್ಭಿಣಿಗೂ ಮುಟ್ಟು ಬರಬಹುದು. ಹಾಗಾದರೆ ಗರ್ಭವೇ ಇಲ್ಲದೆ ಇದೆಯೆಂದು ನಂಬಿದವಳ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ಇದ್ದತ್‌ನಲ್ಲಿರುವವರದ್ದು ಇನ್ನೂ ಗಂಭೀರ. ವಿಧವೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ, ಗರ್ಭಿಣಿಯಾಗಿದ್ದರೆ ಹೆರಿಗೆಯ ತನಕ. ತಲಾಖ್ ಆದವಳಿಗೆ ಮೂರು ಸಲದ ಲೆಕ್ಕ, ಗರ್ಭಿಣಿಗೆ ಹೆರಿಗೆ. ಇಂತಹ ಕಡೆ ಒಂದು ಕಿಟ್ ನೋಡಿ ನಿರ್ಧಾರ ಮಾಡಬೇಡಿ, ಬೇರೆಯವರೂ ಮಾಡದಂತೆ ನೋಡಿಕೊಳ್ಳಿ. ಸ್ಕ್ಯಾನಿಂಗ್ ಮಾಡಿಸಿ, ಆ ಕಾಗದದೊಂದಿಗೆ ನಿಮ್ಮ ಉಲಮಾರನ್ನು ಕೇಳಿ. ಹೇಳಲು ನಾಚಿಕೆಯಾದರೆ ಅವರ ಮನೆಯ ಹೆಂಗಸರ ಮೂಲಕ ಕೇಳಿಸಿ.

ಈ ಕಿಟ್ ಮನೆಗೆ ಬಂದದ್ದೂ ಒಂದು ಹೆಣ್ಣಿನಿಂದಲೇ. ಅಮೆರಿಕದಲ್ಲಿ ಆರ್ಗನಾನ್ ಎಂಬ ಔಷಧ ಕಂಪೆನಿಯಲ್ಲಿ ಚಿತ್ರ ವಿನ್ಯಾಸದ ಕೆಲಸ ಮಾಡುತ್ತಿದ್ದ ಮಾರ್ಗರೆಟ್ ಕ್ರೇನ್ ಎಂಬ ಯುವತಿ 1967ರಲ್ಲಿ, ಲ್ಯಾಬಿನಲ್ಲಿ ಸಾಲಾಗಿಟ್ಟ ಪರೀಕ್ಷಾ ನಳಿಕೆಗಳನ್ನು ಕಂಡು, ಇದನ್ನು ಹೆಂಗಸರು ಮನೆಯಲ್ಲೇ ಮಾಡಬಹುದಲ್ಲ ಎಂದು ಮಾದರಿ ತಯಾರಿಸಿದಳು. ಅದಕ್ಕೂ ಮೊದಲು ಇಲಿ, ಮೊಲ, ಕಪ್ಪೆಗಳಿಗೆ ಮೂತ್ರ ಚುಚ್ಚಿ ನೋಡುವ ಕಾಲವೂ ಇತ್ತು. ಪರೀಕ್ಷೆ ಮನೆಗೆ ಬಂತು, ಒಳ್ಳೆಯದೇ ಆಯಿತು. ಅದನ್ನು ಬಿಡಿಸಿ ಹೇಳುವವರು ಮಾತ್ರ ಜೊತೆಗೆ ಬರಲಿಲ್ಲ. ಆ ಜಾಗದಲ್ಲಿ ನಮ್ಮ ಮನೆಗಳಲ್ಲಿ ನಾದಿನಿಯರು ಕುಳಿತರು.

ನನಗೆ ಆಮೇಲೆ ಮಗುವಾಯಿತೇ ಎಂದು ನೀವು ಕೇಳುವಿರಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಮಡಿಲು ತುಂಬದ ಸಹೋದರಿಯರು ಇದನ್ನು ಓದುತ್ತಿದ್ದಾರೆ, ಅವರಿಗೆ ಬೇಕಾದದ್ದು ನನ್ನ ಸುಖಾಂತ್ಯವಲ್ಲ. ಗರ್ಭದೊಳಗೆ ಏನಿದೆಯೆಂಬ ಪೂರ್ಣ ಜ್ಞಾನ ಅಲ್ಲಾಹನದು. ಪ್ರವಾದಿ ಝಕರಿಯ್ಯಾರು ಮುದಿ ಪ್ರಾಯದಲ್ಲೂ ಯಾರ ಮುಂದೆ ಕೈಯೆತ್ತಿದರೋ ಅವನ ಮುಂದೆ ಕೈಯೆತ್ತಿರಿ, ಡಾಕ್ಟರ ಚೀಟಿಯನ್ನೂ ಓದಿಸಿಕೊಳ್ಳಿ.

ನಮ್ಮ ಕುಟುಂಬದ ಹುಡುಗಿಯರು ಚಿಕಿತ್ಸೆಗೆ ಹೊರಟರೆ ನಾನು ಅವರ ಗೋಡೆಯ ಕ್ಯಾಲೆಂಡರ್ ಕೇಳುತ್ತೇನೆ. ಇಂಜೆಕ್ಷನ್ ಕೊಟ್ಟ ದಿನಕ್ಕೆ ಕೆಂಪು ಶಾಯಿಯಲ್ಲಿ ಒಂದು ಸುತ್ತು, ಅಲ್ಲಿಂದ ಹದಿನಾಲ್ಕು ದಿನ ಎಣಿಸಿ ಇನ್ನೊಂದು ಸುತ್ತು. ಮಧ್ಯೆ ಕಿಟ್ ತರಿಸಬಾರದು. ಆ ದಿನ ಗೆರೆ ಬಂದರೂ ಗಂಡನಿಗೂ ಡಾಕ್ಟರಿಗೂ ಮಾತ್ರ ಹೇಳಬೇಕು, ಮಗುವಿನ ಎದೆಬಡಿತ ಸ್ಕ್ಯಾನಿಂಗ್‌ನಲ್ಲಿ ಕಾಣುವ ತನಕ ಪಾಯಸ ಬೇಡ. ಮೊನ್ನೆ ಒಬ್ಬಳು ಕೇಳಿದಳು, "ಅತ್ತೆಗೂ ಹೇಳಬಾರದಾ?" ನನ್ನ ಅತ್ತೆಯನ್ನು ನೆನೆದು ಸ್ವಲ್ಪ ಹೊತ್ತು ಯೋಚಿಸಿದೆ. "ನಿನ್ನ ಅತ್ತೆಗೆ ಹೇಳು, ನಾದಿನಿಗೆ ಬೇಡ" ಎಂದೆ.